ಕುರಿಮಂದೆಯ ಕಾವಲಿಗೆ ಕಾಂಗಾಲ್ ನಾಯಿ: ಮರಿಯ ಆಯ್ಕೆಯಿಂದ ರಾತ್ರಿ ಕಾವಲಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಟರ್ಕಿಯ ಅನಾಟೋಲಿಯಾ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಸಿವಾಸ್ ಪ್ರಾಂತ್ಯಕ್ಕೆ ಸೇರಿದ ಕಾಂಗಾಲ್ ಎಂಬ ಪಟ್ಟಣವಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಮರಗಳಿಲ್ಲದ ಹುಲ್ಲುಗಾವಲು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ, ಬೇಸಿಗೆಯ ಹಗಲಿನಲ್ಲಿ ಒಣ ಬಿಸಿಲು, ಅದೇ ಬೇಸಿಗೆಯ ರಾತ್ರಿಯಲ್ಲಿ ಕಂಬಳಿ ಹೊದೆಯಬೇಕಾದಷ್ಟು ತಂಪು. ಕೊಬ್ಬಿದ ಬಾಲದ ಅಕ್‌ಕರಮನ್ ಕುರಿಗಳನ್ನು ಇಲ್ಲಿಯ ಜನ ತಲೆಮಾರುಗಳಿಂದ ಸಾಕುತ್ತ ಬಂದಿದ್ದಾರೆ. ಕುರಿ ಇದ್ದಲ್ಲಿ ತೋಳವೂ ಇದೆ. ಆ ತೋಳಕ್ಕೆ ಎದುರಾಗಿ ಈ ನೆಲದಲ್ಲಿಯೇ ರೂಪುಗೊಂಡ ನಾಯಿಗೆ ಪಟ್ಟಣದ ಹೆಸರೇ ಅಂಟಿಕೊಂಡಿದೆ. ಕನ್ನಡದ ‘ಕಂಗಾಲು’ ಎಂಬ ಪದಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಾಂಗಾಲ್ ನಾಯಿಯ ಬಗ್ಗೆ ಹರಿದಾಡುವ ಮಾಹಿತಿಯಲ್ಲಿ ಹೆಚ್ಚಿನ ಪಾಲು ಅದರ ಗಾತ್ರ ಮತ್ತು ಕಡಿತದ ಬಲದ ಕುರಿತಾದದ್ದು. ಆ ಅಂಕಿಗಳನ್ನು ನೋಡಿ ಮರಿ ತಂದವರು ಮುಂದೆ ಪಡುವ ಪಾಡು ಸಣ್ಣದಲ್ಲ, ಆ ನಾಯಿ ಪಡುವ ಪಾಡು ಅದಕ್ಕಿಂತ ದೊಡ್ಡದು. ಈ ನಾಯಿಯ ನಿಜವಾದ ಗುಣ ಅದರ ಹಲ್ಲಿನಲ್ಲಿಲ್ಲ. ತನ್ನ ಜಾತಿಯಲ್ಲದ ಪ್ರಾಣಿಯನ್ನು ತನ್ನವರೆಂದು ಒಪ್ಪಿಕೊಂಡು, ಯಾರೂ ಹೇಳದೆಯೇ ಇರುಳಿಡೀ ಎಚ್ಚರವಿರುವ ಸ್ವಭಾವದಲ್ಲಿ ಅದಿದೆ. ಆ ಸ್ವಭಾವ ರಕ್ತದಲ್ಲಿ ಅರ್ಧ ಬರುತ್ತದೆ. ಉಳಿದರ್ಧವನ್ನು ಮರಿಯ ಮೊದಲ ನಾಲ್ಕು ತಿಂಗಳಲ್ಲಿ ನಾವು ಕಟ್ಟಿಕೊಡಬೇಕು. ಆ ಉಳಿದರ್ಧವನ್ನು ಕಟ್ಟುವ ಕ್ರಮವೇ ಈ ಮಾರ್ಗದರ್ಶಿಯ ವಿಷಯ.

ಮೊದಲು ತಳಿಯನ್ನು ಸರಿಯಾಗಿ ಗುರುತಿಸಿ

ಕಾಂಗಾಲ್ ನಾಯಿಯ ಮೈ ತಿಳಿ ಕಂದಿನಿಂದ ಬೂದು ಬಣ್ಣದವರೆಗೆ ಇರುತ್ತದೆ. ಮುಖ ಮತ್ತು ಕಿವಿಗಳು ಕಪ್ಪು. ಈ ಕಪ್ಪು ಮುಖದಿಂದಾಗಿಯೇ ಟರ್ಕಿಯಲ್ಲಿ ಇದನ್ನು ‘ಕರಬಾಶ್’, ಅಂದರೆ ಕರಿತಲೆಯದು ಎಂದೂ ಕರೆಯುತ್ತಾರೆ. ಕೂದಲು ಗಿಡ್ಡವಾಗಿ ಕಂಡರೂ ಅದರಡಿಯಲ್ಲಿ ಚಳಿ ತಡೆಯುವ ದಟ್ಟವಾದ ಒಳಪದರವಿದೆ. ಎಚ್ಚರಗೊಂಡಾಗ ಬಾಲ ಬೆನ್ನಿನ ಮೇಲೆ ಸುರುಳಿಯಾಗಿ ಏರುತ್ತದೆ. ಗಂಡು ನಾಯಿ ಭುಜದ ಬಳಿ ಸುಮಾರು 72ರಿಂದ 78 ಸೆಂ.ಮೀ. ಎತ್ತರವಿದ್ದು 48ರಿಂದ 60 ಕೆ.ಜಿ. ತೂಗುತ್ತದೆ, ಹೆಣ್ಣು ಸುಮಾರು 65ರಿಂದ 73 ಸೆಂ.ಮೀ. ಎತ್ತರ, 40ರಿಂದ 50 ಕೆ.ಜಿ. ತೂಕ. ಇದಕ್ಕಿಂತ ಬಹಳ ದಪ್ಪವಾದ, ತೂಗಾಡುವ ತುಟಿಯ, ಮಡಿಕೆ ಬಿದ್ದ ಚರ್ಮದ ನಾಯಿಯನ್ನು ‘ದೈತ್ಯ ಕಾಂಗಾಲ್’ ಎಂದು ತೋರಿಸಿದರೆ ಅದು ಮ್ಯಾಸ್ಟಿಫ್ ಜಾತಿಯೊಂದಿಗೆ ಬೆರೆಸಿದ್ದೆಂದು ಅನುಮಾನಿಸಲು ಕಾರಣವಿದೆ. ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯಬೇಕಾದ ನಾಯಿಗೆ ಅಂಥ ಮೈ ಹೊರೆಯೇ ಹೊರತು ಬಲವಲ್ಲ.

ಇದರ ಸಮೀಪದ ಬಂಧು ‘ಅಕ್‌ಬಾಶ್’, ಅಂದರೆ ಬಿಳಿತಲೆಯದು. ಅದು ಪಶ್ಚಿಮ ಅನಾಟೋಲಿಯಾದ್ದು, ಮೈಯೆಲ್ಲ ಬಿಳಿ. ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ 1998ರಲ್ಲಿ ಕಾಂಗಾಲ್ ಮತ್ತು ಅಕ್‌ಬಾಶ್‌ಗಳನ್ನು ಎರಡು ಪ್ರತ್ಯೇಕ ತಳಿಗಳೆಂದು ಮಾನ್ಯ ಮಾಡಿತು. ‘ಅನಾಟೋಲಿಯನ್ ಶೆಪರ್ಡ್’ ಎಂಬ ಹೆಸರು ಮೊದಲಿನಿಂದಲೂ ವಿವಾದದ್ದು. ಪಾಶ್ಚಾತ್ಯ ದೇಶಗಳಿಗೆ ಹೋದ ಬೇರೆ ಬೇರೆ ಪ್ರದೇಶದ ಟರ್ಕಿ ನಾಯಿಗಳನ್ನೆಲ್ಲ ಒಂದೇ ಹೆಸರಿನಡಿ ಸೇರಿಸಿದ್ದರಿಂದ ಬಂದದ್ದು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ತನ್ನ 331ನೆಯ ಕ್ರಮಾಂಕದ ತಳಿಯ ಹೆಸರನ್ನು 2018ರಲ್ಲಿ ಕಾಂಗಾಲ್ ಎಂದು ಬದಲಿಸಿತು. ಆದ್ದರಿಂದ ಹಳೆಯ ದಾಖಲೆಗಳಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಕಂಡರೆ ಗೊಂದಲಪಡಬೇಕಾಗಿಲ್ಲ.

ಹೆಸರಿನಲ್ಲಿ ‘ಶೆಪರ್ಡ್’ ಎಂದಿದ್ದರೂ ಇದು ಕುರಿಗಳನ್ನು ಅಟ್ಟಿಕೊಂಡು ಹೋಗುವ ನಾಯಿಯಲ್ಲ. ಬಾರ್ಡರ್ ಕಾಲಿಯಂಥ ನಾಯಿಗಳು ಕುರಿಯನ್ನು ದಿಟ್ಟಿಸಿ, ಬೆನ್ನಟ್ಟಿ, ತಿರುಗಿಸಿ ಕೆಲಸ ಮಾಡುತ್ತವೆ. ಅವುಗಳ ಕೆಲಸ ಬೇಟೆಯ ಪ್ರವೃತ್ತಿಯನ್ನು ಪಳಗಿಸಿದ್ದು. ಕಾಂಗಾಲ್‌ನಲ್ಲಿ ನಮಗೆ ಬೇಕಾದದ್ದು ಆ ಪ್ರವೃತ್ತಿ ಕುರಿಯ ಮುಂದೆ ಏಳದಿರುವುದು. ಕುರಿ ಓಡಿದರೆ ಒಳ್ಳೆಯ ಕಾಂಗಾಲ್ ಅದರ ಹಿಂದೆ ಓಡುವುದಿಲ್ಲ; ಯಾವುದಕ್ಕೆ ಹೆದರಿ ಓಡಿತೆಂದು ಎದುರು ದಿಕ್ಕಿಗೆ ನೋಡುತ್ತದೆ.

ಮರಿ ತರುವ ಮುನ್ನ

ನಿಮ್ಮಲ್ಲಿ ಕಾಯಬೇಕಾದ ಮಂದೆ ಇದೆಯೇ? ಇಲ್ಲವೆಂದಾದರೆ ಈ ನಾಯಿ ಬೇಡ. ಬೆಂಗಳೂರಿನ ಮನೆಯ ಗೇಟಿನ ಮುಂದೆ ಸರಪಳಿಯಲ್ಲಿ ಕಟ್ಟಿದ ಕಾಂಗಾಲ್ ತಾನು ಕಾಯಬೇಕಾದದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಅದು ಮನೆಯ ಮಕ್ಕಳಾಗಬಹುದು, ಬೀದಿಯೇ ಆಗಬಹುದು. ಹಾಲು ತರುವವರೂ ಪಕ್ಕದ ಮನೆಯವರೂ ಆಗ ಅದರ ಲೆಕ್ಕದಲ್ಲಿ ತೋಳಗಳೇ. ಇರುಳಿಡೀ ಬೊಗಳುವುದು ಇದರ ಕೆಟ್ಟ ಚಾಳಿಯಲ್ಲ, ಕೆಲಸ. ಅಪಾರ್ಟ್‌ಮೆಂಟಿನಲ್ಲಿ ಆ ಕೆಲಸಕ್ಕೆ ಜಾಗವಿಲ್ಲ.

ಕಾನೂನಿನ ವಿಚಾರವೂ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿಯೆಂದು ಹೆಸರಿಸಿ ಹಲವು ತಳಿಗಳ ಸಾಕಣೆ, ಮಾರಾಟಗಳನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತ್ತು. ಅದರಲ್ಲಿ ಕಾಂಗಾಲ್ ಮತ್ತು ಅಕ್‌ಬಾಶ್ ಎರಡರ ಹೆಸರೂ ಇತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಲಾಗಿದೆಯೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. ವ್ಯಾಪಾರಕ್ಕಾಗಿ ಮರಿ ಹಾಕಿಸಲು ವಿದೇಶಿ ನಾಯಿಗಳನ್ನು ತರಿಸಿಕೊಳ್ಳುವುದಕ್ಕೆ ಕೇಂದ್ರ 2016ರಲ್ಲಿ ನಿರ್ಬಂಧ ಹೇರಿತ್ತು. ಮರಿಗೆ ಮುಂಗಡ ಕೊಡುವ ಮೊದಲು ನಿಮ್ಮ ಸ್ಥಳೀಯ ಸಂಸ್ಥೆಯ ಪರವಾನಗಿ ನಿಯಮಗಳನ್ನು ವಿಚಾರಿಸಿ. ಹೊರದೇಶಗಳಲ್ಲಿ ನೆಲೆಸಿ ಕುರಿ, ಮೇಕೆ ಸಾಕುತ್ತಿರುವ ಕನ್ನಡಿಗರಿಗೂ ಇದೇ ಮಾತು ಅನ್ವಯಿಸುತ್ತದೆ. ಈ ತಳಿಯ ಕುರಿತ ನಿಯಮ ದೇಶದಿಂದ ದೇಶಕ್ಕೆ ಬೇರೆ.

ಉತ್ತರ ಕರ್ನಾಟಕದ ಕುರಿಗಾಹಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿಧಾಮವಿರುವ ನಾಡು ನಮ್ಮದು. ತೋಳ ಮತ್ತು ಕುರಿಮಂದೆ ಒಂದೇ ಬಯಲನ್ನು ಹಂಚಿಕೊಂಡಿರುವ ಸ್ಥಿತಿ ಅನಾಟೋಲಿಯಾದಂತೆ ಇಲ್ಲಿಯೂ ಇದೆ. ಆದರೆ ಅದಕ್ಕೆ ಪರಿಹಾರವೆಂದು ದಟ್ಟ ಒಳಪದರದ ಕೂದಲಿನ ನಾಯಿಯನ್ನು ದುಬಾರಿ ಬೆಲೆಗೆ ತರಿಸಿ ನಮ್ಮ ಏಪ್ರಿಲ್ ಬಿಸಿಲಿಗೆ ಒಡ್ಡಬೇಕಾಗಿಲ್ಲ. ಬೋಟ್ಸ್‌ವಾನಾದಲ್ಲಿ ಊರನಾಯಿಯ ಮರಿಗಳನ್ನೇ ಚಿಕ್ಕಂದಿನಿಂದ ಮೇಕೆಗಳ ನಡುವೆ ಬೆಳೆಸಿದಾಗ ಅವು ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಕಾವಲು ಮಾಡಿದ್ದನ್ನು ಅಲ್ಲಿಯ ಚೀತಾ ಸಂರಕ್ಷಕರು ಅಧ್ಯಯನ ಮಾಡಿ ತೋರಿಸಿದ್ದಾರೆ. ಮುಂದೆ ಹೇಳುವ ಹಂತಗಳಲ್ಲಿ ಬಹುಪಾಲನ್ನು ಹಟ್ಟಿಯಲ್ಲಿಯೇ ಹುಟ್ಟಿದ ನಾಟಿ ಮರಿಗೂ ಹಾಗೆಯೇ ಅನುಸರಿಸಬಹುದು.

ಹಂತ 1: ಮರಿಯ ಆಯ್ಕೆ

ಮರಿಯನ್ನು ನೋಡುವ ಮೊದಲು ಅದರ ತಾಯಿಯನ್ನು ನೋಡಿ, ಅದೂ ಕೆಲಸದಲ್ಲಿರುವಾಗ. ತಂದೆ ತಾಯಿ ಎರಡೂ ಕುರಿಗಳ ನಡುವೆ ಬಾಳುತ್ತಿದ್ದು, ಮರಿಗಳು ದೊಡ್ಡಿಯಲ್ಲಿಯೋ ಅದರ ಪಕ್ಕದಲ್ಲಿಯೋ ಹುಟ್ಟಿ, ಕಣ್ಣು ತೆರೆಯುವ ಮೊದಲೇ ಕುರಿಯ ವಾಸನೆಯನ್ನು ಉಸಿರಾಡಿದ್ದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಪ್ರದರ್ಶನದಲ್ಲಿ ಪದಕ ಗೆದ್ದ ತಂದೆಗಿಂತ ಐದು ವರ್ಷ ತಪ್ಪದೆ ಮಂದೆಯೊಂದಿಗೆ ನಡೆದ ತಂದೆ ಮೇಲು. ಸಿವಾಸ್ ಪ್ರಾಂತ್ಯದ ಉಲಾಶ್‌ನಲ್ಲಿರುವ ಸರ್ಕಾರಿ ಕೃಷಿಕ್ಷೇತ್ರದಲ್ಲಿ ತಳಿಯ ಸಂರಕ್ಷಣೆ ನಡೆಯುತ್ತಿದೆಯಾದರೂ ಹಳ್ಳಿಗಳಲ್ಲಿ ಇಂದಿಗೂ ಮರಿ ಕೈ ಬದಲಾಗುವುದು ಕುರಿಗಾಹಿಯಿಂದ ಕುರಿಗಾಹಿಗೆ, ಬಾಯಿಮಾತಿನ ನಂಬಿಕೆಯ ಮೇಲೆ.

ಏಳರಿಂದ ಎಂಟು ವಾರದ ಮರಿಯನ್ನು ತರುವುದು ಸರಿ. ಅದಕ್ಕೂ ಮೊದಲು ತಂದರೆ ತಾಯಿ ಮತ್ತು ಒಡಹುಟ್ಟುಗಳಿಂದ ಕಲಿಯಬೇಕಾದ ಕಚ್ಚುವಿಕೆಯ ಮಿತಿಯನ್ನು ಮರಿ ಕಲಿತಿರುವುದಿಲ್ಲ. ಮನೆಯ ಅಂಗಳದಲ್ಲಿ ಬೆಳೆದ ಮರಿಯನ್ನು ನಾಲ್ಕು ತಿಂಗಳ ನಂತರ ತಂದರೆ ಅದರ ಮನಸ್ಸು ಆಗಲೇ ಬೇರೆಡೆ ನೆಟ್ಟಿರುತ್ತದೆ. ಗುಂಪಿನಲ್ಲಿ ಎಲ್ಲರ ಮೇಲೆ ಏರಿಬರುವ ಮರಿಯನ್ನೂ ಮೂಲೆಯಲ್ಲಿ ಮುದುಡಿ ಕೂತ ಮರಿಯನ್ನೂ ಬಿಟ್ಟು, ಶಾಂತವಾಗಿದ್ದು ಹೊಸ ಸದ್ದಿಗೆ ಕಿವಿ ನಿಮಿರಿಸಿ ನೋಡುವ ಮರಿಯನ್ನು ಆರಿಸಿ. ರೆಪ್ಪೆ ಒಳಕ್ಕೆ ಮಡಚಿ ಕಣ್ಣಲ್ಲಿ ನೀರು ಸುರಿಯುತ್ತಿದೆಯೇ, ನಡಿಗೆಯಲ್ಲಿ ಹಿಂಗಾಲು ತೂಗಾಡುತ್ತದೆಯೇ ಎಂದು ಗಮನಿಸಿ. ಸೊಂಟದ ಕೀಲಿನ ದೋಷ ಎಲ್ಲ ದೊಡ್ಡ ತಳಿಗಳಲ್ಲಿರುವಂತೆ ಇದರಲ್ಲಿಯೂ ಕಾಣಿಸುವುದರಿಂದ ತಂದೆ ತಾಯಿಯ ಎಕ್ಸ್‌-ರೇ ವರದಿ ಇದ್ದರೆ ಕೇಳಿ ಪಡೆಯಿರಿ.

ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರುವ ಆಸೆ ಬೇಡ. ಅವು ಕುರಿಯ ಬದಲು ಒಂದಕ್ಕೊಂದು ಅಂಟಿಕೊಂಡು, ಆಟವಾಡುತ್ತಲೇ ಮಂದೆಯನ್ನು ಚೆದುರಿಸುತ್ತವೆ.

ಹಂತ 2: ದೊಡ್ಡಿಯ ಸಿದ್ಧತೆ

ಮರಿ ಬರುವ ಮೊದಲೇ ದೊಡ್ಡಿಯ ಒಂದು ಮೂಲೆಯನ್ನು ಅದಕ್ಕೆಂದು ಬೇರ್ಪಡಿಸಿ. ಬೇಲಿಯ ಕೆಳಗೆ ಮರಿ ಮಾತ್ರ ನುಸುಳಬಲ್ಲ, ಕುರಿ ದಾಟಲಾರದ ಕಿಂಡಿಯಿರಬೇಕು. ಕುರಿ ಗುದ್ದಲು ಬಂದಾಗ ಮರಿ ಅಲ್ಲಿಗೆ ಓಡಿ ಸೇರಿಕೊಳ್ಳಬಹುದು. ಆ ಮೂಲೆಯಲ್ಲಿ ಒಣ ಹುಲ್ಲಿನ ಹಾಸು, ನೀರು ಮತ್ತು ಊಟದ ತಟ್ಟೆ. ಅಂಗಡಿಯಿಂದ ತಂದ ನಾಯಿಯ ಆಹಾರವನ್ನು ಕುರಿಗಳಿಗೆ ಎಟುಕದಂತೆ ಇಡುವುದು ಕಡ್ಡಾಯ. ಅದರಲ್ಲಿ ನಾಯಿಗೆ ಹಿತವಾದ ಪ್ರಮಾಣದಲ್ಲಿರುವ ತಾಮ್ರದ ಅಂಶ ಕುರಿಯ ಯಕೃತ್ತಿನಲ್ಲಿ ಸೇರುತ್ತ ಹೋಗಿ ವಿಷವಾಗಬಲ್ಲದು.

ಮೂಲೆಗೆ ತಗುಲಿದಂತೆ ನಾಲ್ಕರಿಂದ ಆರು ಸೌಮ್ಯ ಸ್ವಭಾವದ ಎಳೆಯ ಕುರಿಗಳನ್ನು ಬಿಡಿ. ಈಗಷ್ಟೇ ಈದ ತಾಯಿಕುರಿ ಅಲ್ಲಿರಬಾರದು. ನಾಯಿಮರಿಯನ್ನು ಕಂಡರೆ ಅದು ನೆಲಕ್ಕೆ ಒತ್ತಿ ಗುದ್ದುತ್ತದೆ, ಎಂಟು ವಾರದ ಮರಿಯ ಪಕ್ಕೆಲುಬು ಮುರಿಯಲು ಒಂದೇ ಗುದ್ದು ಸಾಕು.

ಹಂತ 3: ಎಂಟರಿಂದ ಹದಿನಾರನೆಯ ವಾರದವರೆಗೆ

ಈ ಎಂಟು ವಾರಗಳನ್ನು ಕಳೆದುಕೊಂಡರೆ ಮುಂದೆ ಯಾವ ತರಬೇತಿಯಿಂದಲೂ ತುಂಬಿಕೊಳ್ಳಲಾಗದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ 1970ರ ದಶಕದ ಕೊನೆಯಿಂದ ರೇ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಅನಾಟೋಲಿಯಾದ ನಾಯಿಗಳೂ ಸೇರಿದಂತೆ ಹಲವು ದೇಶಗಳ ಕಾವಲು ನಾಯಿಗಳನ್ನು ರೈತರಿಗೆ ಕೊಟ್ಟು ಅವುಗಳ ನಡತೆಯನ್ನು ವರ್ಷಗಟ್ಟಲೆ ಗಮನಿಸಿದರು. ಕಾವಲು ನಾಯಿಯಲ್ಲಿ ನೋಡಬೇಕಾದ ಗುಣ ಮೂರು ಎಂದು ಅವರು ಗುರುತಿಸಿದರು: ಕುರಿಯ ಬಗ್ಗೆ ಗಮನ, ಕುರಿಗೆ ಕೇಡು ಮಾಡದ ನಂಬಿಕಸ್ತಿಕೆ, ಅಪಾಯ ಬಂದಾಗ ಎದುರಾಗುವ ರಕ್ಷಣಾಭಾವ. ಮೊದಲ ಎರಡರ ಬೇರು ಮರಿಯ ಆರಂಭದ ವಾರಗಳಲ್ಲಿಯೇ ಇಳಿಯುತ್ತದೆ. ಮೂರನೆಯದು ನಾಯಿ ಬಲಿತಂತೆ ತಾನಾಗಿ ಬರುತ್ತದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ, ಕಲಿಸಲೂ ಬಾರದು. ಗೋಣಿಚೀಲ ಕಟ್ಟಿಕೊಂಡು ಮರಿಯನ್ನು ರೇಗಿಸಿ ‘ಧೈರ್ಯ’ ತುಂಬುವ ಪದ್ಧತಿಯಿಂದ ಈ ತಳಿಗೆ ಆಗುವುದು ಹಾನಿಯೊಂದೇ.

ಮೊದಲ ಭೇಟಿ ನೋಡಲೇಬೇಕಾದ ದೃಶ್ಯ. ಮರಿಯನ್ನು ಕಿಂಡಿಯ ಬಳಿ ಇಳಿಸಿ ನೀವು ಹಿಂದೆ ಸರಿದು ಸುಮ್ಮನೆ ಕುಳಿತುಕೊಳ್ಳಿ. ಕುರಿಗಳು ಒತ್ತಾಗಿ ನಿಂತು, ತಲೆ ತಗ್ಗಿಸಿ, ಮುಂಗಾಲನ್ನು ನೆಲಕ್ಕೆ ಬಡಿಯುತ್ತವೆ. ಮರಿ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಕಿವಿ ಹಿಂದಕ್ಕೆ ಹಾಕಿ, ಕಣ್ಣು ಬೇರೆಡೆ ತಿರುಗಿಸಿ ತೆವಳುತ್ತ ಹೋಗುತ್ತದೆ. ಹತ್ತಿರವಿದ್ದ ಕುರಿ ಬಗ್ಗಿ ಮೂಸುತ್ತದೆ. ಮರಿ ಅದರ ಮೂತಿಯನ್ನು ನೆಕ್ಕುತ್ತದೆ, ಇಲ್ಲವೇ ಬೆನ್ನಡಿಯಾಗಿ ಬಿದ್ದು ಹೊಟ್ಟೆ ತೋರಿಸುತ್ತದೆ. ದೊಡ್ಡ ನಾಯಿಗೆ ತೋರುವ ವಿನಯವನ್ನು ಅದು ಕುರಿಗೆ ತೋರುತ್ತಿದೆ. ಕಣ್ಣು ತಪ್ಪಿಸುವುದು, ತಲೆ ತಗ್ಗಿಸುವುದು, ನಿಧಾನ ನಡೆ ಇವೇ ನಿಮಗೆ ಬೇಕಾದ ಲಕ್ಷಣಗಳು. ಮರಿ ಕುರಿಯನ್ನು ನೆಟ್ಟ ನೋಟದಿಂದ ದಿಟ್ಟಿಸಿ, ಮೈ ಬಿಗಿಮಾಡಿ ಹೆಜ್ಜೆ ಹೆಜ್ಜೆಯಾಗಿ ಹೊಂಚಿದರೆ ‘ಬೇಡ’ ಎಂದು ಗಟ್ಟಿಯಾಗಿ ಹೇಳಿ ಅದರ ಗಮನ ತಿರುಗಿಸಿ. ಮತ್ತೆ ಮತ್ತೆ ಹಾಗೆಯೇ ಮಾಡುವ ಮರಿ ಈ ಕೆಲಸಕ್ಕೆ ಒಗ್ಗುವುದು ಕಷ್ಟ.

ದಿನಕ್ಕೆ ಎರಡು ಮೂರು ಬಾರಿ ದೊಡ್ಡಿಗೆ ಹೋಗಿ ಮರಿಯನ್ನು ಮುಟ್ಟಿ ನೋಡಿ. ಮನುಷ್ಯರ ಕೈ ತಾಗಲೇಬಾರದೆಂದು ಹಿಂದೆ ಕೆಲವರು ಹೇಳುತ್ತಿದ್ದ ಸಲಹೆಯನ್ನು ನಂಬಿ ಬೆಳೆಸಿದ ನಾಯಿಗಳು ದೊಡ್ಡದಾದಾಗ ಹಿಡಿಯಲಿಕ್ಕೇ ಸಿಗದೆ, ಲಸಿಕೆ ಹಾಕಿಸಲಾಗದೆ, ಗಾಯ ನೋಡಲಾಗದೆ ಮಾಲೀಕನಿಗೂ ಕೆಲಸಕ್ಕೂ ಎರವಾದವು. ಮರಿ ತನ್ನ ಹೆಸರಿಗೆ ಓಗೊಡಬೇಕು, ಕರೆದಾಗ ಬರಬೇಕು, ಹಗ್ಗದಲ್ಲಿ ನಡೆಯಬೇಕು, ಕಟ್ಟಿದರೆ ಶಾಂತವಾಗಿರಬೇಕು, ಬಾಯಿ ತೆರೆದು ನೋಡಲು ಮತ್ತು ಪಾದ ಎತ್ತಲು ಬಿಡಬೇಕು, ವಾಹನದಲ್ಲಿ ಕೂರಬೇಕು. ಇಷ್ಟೇ ಸಾಕು. ಈ ಎಲ್ಲ ಪಾಠವನ್ನೂ ಕುರಿಗಳ ನಡುವೆಯೇ ಮಾಡಿ. ಮರಿಯನ್ನು ಮನೆಯೊಳಗೆ ಕರೆತರುವುದು, ಮಕ್ಕಳೊಂದಿಗೆ ಚೆಂಡಾಟಕ್ಕೆ ಬಿಡುವುದು, ಚಳಿ ಎಂದು ಒಂದು ರಾತ್ರಿ ಒಳಗೆ ಮಲಗಿಸುವುದು ಬೇಡ. ಮುದ್ದಾದ ಮರಿಯನ್ನು ದೊಡ್ಡಿಯಲ್ಲಿ ಬಿಟ್ಟು ಬರುವಾಗ ಕರುಳು ಚುರುಕ್ ಎನ್ನುತ್ತದೆ. ಮೊದಲ ಎರಡು ಮೂರು ರಾತ್ರಿ ಅದು ಕುಂಯ್‌ಗುಟ್ಟುತ್ತದೆ. ಆಮೇಲೊಂದು ಬೆಳಿಗ್ಗೆ ಅದು ಕುರಿಯೊಂದರ ಹೊಟ್ಟೆಗೆ ಒರಗಿ, ಉಣ್ಣೆಯಲ್ಲಿ ಮೂತಿ ಹುದುಗಿಸಿ ನಿದ್ರಿಸುತ್ತಿರುವುದನ್ನು ನೋಡುತ್ತೀರಿ. ಅಂದಿನಿಂದ ಅದರ ಮನೆ ಯಾವುದೆಂಬ ಪ್ರಶ್ನೆ ಏಳುವುದಿಲ್ಲ.

ಹಂತ 4: ಐದನೆಯ ತಿಂಗಳಿಂದ ಒಂದೂವರೆ ವರ್ಷದವರೆಗೆ

ಬಹಳ ಜನ ಕೈಚೆಲ್ಲುವುದು ಈ ಹಂತದಲ್ಲಿ. ನಾಲ್ಕು ತಿಂಗಳವರೆಗೆ ಸಾಧುವಾಗಿದ್ದ ಮರಿ ಏಳನೆಯ ತಿಂಗಳಲ್ಲಿ ಕುರಿಮರಿಯನ್ನು ಓಡಿಸತೊಡಗುತ್ತದೆ, ಕಿವಿ ಕಚ್ಚುತ್ತದೆ, ಉಣ್ಣೆ ಎಳೆಯುತ್ತದೆ. ಇದು ಬೇಟೆಯಲ್ಲ, ಆಟ. ಆದರೆ ಮೂವತ್ತೈದು ಕಿಲೋ ತೂಗುವ ಪ್ರಾಣಿಯ ಆಟಕ್ಕೆ ಕುರಿಮರಿ ಪ್ರಾಣ ಕೊಡಬೇಕಾದೀತು. ಆದ್ದರಿಂದ ನಿಮ್ಮ ಕಣ್ಣಳತೆಯಲ್ಲಿಲ್ಲದ ಹೊತ್ತಿನಲ್ಲಿ ಹರೆಯದ ನಾಯಿಯನ್ನು ಎಳೆಯ ಮರಿಗಳ ಜೊತೆ ಬಿಡಬೇಡಿ. ಪಕ್ಕದ ಅಂಕಣದಲ್ಲಿ, ಕುರಿಗಳು ಕಾಣುವಂತೆ, ಬಲಿತ ಟಗರು ಅಥವಾ ಹಿರಿಯ ಕುರಿಗಳೊಂದಿಗೆ ಇರಿಸಿ. ಆಟಕ್ಕೆ ಬಂದ ನಾಯಿಯನ್ನು ಒಳ್ಳೆಯ ಟಗರು ಒಮ್ಮೆ ಗುದ್ದಿ ಕಲಿಸುವ ಪಾಠವನ್ನು ನಾವು ಹತ್ತು ಸಲ ಗದರಿದರೂ ಕಲಿಸಲಾರೆವು.

ಬೆನ್ನಟ್ಟುವುದು ನಿಲ್ಲದಿದ್ದರೆ ತುಡುಗು ದನದ ಕೊರಳಿಗೆ ಮರದ ತುಂಡು ಕಟ್ಟುವ ಹಾಗೆ, ಸುಮಾರು ಒಂದೂವರೆ ಅಡಿಯ ಹಗುರ ಕೋಲನ್ನು ಕೊರಳಪಟ್ಟಿಯಿಂದ ಮೊಣಕಾಲಿನ ಮಟ್ಟಕ್ಕೆ ಅಡ್ಡಲಾಗಿ ತೂಗುಬಿಡಬಹುದು. ನಡೆಯಲು ಅದರಿಂದ ತೊಂದರೆಯಿಲ್ಲ, ಓಡಿದರೆ ಮಾತ್ರ ಕಾಲಿಗೆ ತಾಗುತ್ತದೆ. ಕೆಲವು ವಾರಗಳ ಬಳಿಕ ತೆಗೆದುಬಿಡಿ. ಹೊಡೆಯಬೇಡಿ. ಪೆಟ್ಟು ತಿಂದ ಕಾಂಗಾಲ್ ಕುರಿಯನ್ನು ಕಂಡರೆ ದೂರ ಹೋಗಲು ಕಲಿಯುತ್ತದೆ, ದೂರ ಹೋದ ನಾಯಿ ಕಾಯುವುದಿಲ್ಲ.

ಅನಾಟೋಲಿಯಾದ ಕುರಿಗಾಹಿ, ಅಲ್ಲಿಯ ಮಾತಿನಲ್ಲಿ ‘ಚೋಬಾನ್’, ಈ ಹಂತವನ್ನು ನಮಗಿಂತ ಸುಲಭವಾಗಿ ದಾಟುತ್ತಾನೆ, ಏಕೆಂದರೆ ಅವನ ಮಂದೆಯಲ್ಲಿ ಆಗಲೇ ಬಲಿತ ನಾಯಿಗಳಿರುತ್ತವೆ. ಬೇಸಿಗೆಯಲ್ಲಿ ‘ಯಾಯ್ಲಾ’ ಎಂಬ ಎತ್ತರದ ಮೇವುನೆಲಕ್ಕೆ ಮಂದೆ ಹೊರಟಾಗ ಹರೆಯದ ನಾಯಿ ಹಿರಿಯ ನಾಯಿಯ ಹಿಂದೆ ನಡೆಯುತ್ತದೆ. ಅದು ಕುಳಿತಲ್ಲಿ ಕೂರುತ್ತದೆ, ಅದು ಎದ್ದ ಕಡೆಗೆ ಏಳುತ್ತದೆ. ನಿಮ್ಮಲ್ಲಿ ಹಿರಿಯ ನಾಯಿ ಇಲ್ಲದಿದ್ದರೆ ಅದರ ಜಾಗದಲ್ಲಿ ನೀವೇ ನಡೆಯಬೇಕು. ಪ್ರತಿದಿನ ಮೇವಿಗೆ ಹೋಗುವಾಗ ಮೂರರಿಂದ ಐದು ಮೀಟರಿನ ಹಗ್ಗದಲ್ಲಿ ಅದನ್ನು ಜೊತೆಗೊಯ್ದು ಬೇಲಿಯ ಅಂಚು, ನೀರಿನ ಜಾಗ, ರಾತ್ರಿ ತಂಗುವ ಜಾಗಗಳನ್ನು ಸುತ್ತಿಸಿ.

ಕುರಿ ಈಯುವ ಕಾಲ ಕೊನೆಯ ಪರೀಕ್ಷೆ. ಬಿದ್ದ ಮಾಸನ್ನು ನಾಯಿ ತಿನ್ನುವುದು ಸಹಜ. ರಕ್ತದ ವಾಸನೆಗೆ ಬರುವ ನರಿ, ತೋಳಗಳನ್ನು ಅದು ದೂರವಿಡುತ್ತದೆ ಕೂಡ. ಆದರೆ ಹೊಸ ನಾಯಿ ಅತಿ ಅಕ್ಕರೆಯಿಂದ ಕುರಿಮರಿಯನ್ನು ನೆಕ್ಕುತ್ತ ತಾಯಿಗೆ ಹತ್ತಿರ ಬರಲು ಬಿಡದಿದ್ದರೆ ತಾಯಿ ಮರಿಯನ್ನು ಗುರುತಿಸದೆ ತಳ್ಳಿಬಿಡಬಹುದು. ಮೊದಲ ಸೂಲಿನ ಕಾಲದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದು ತೋರಿಸಿ. ಎರಡನೆಯದರಲ್ಲಿ ನೀವು ಪಕ್ಕದಲ್ಲಿದ್ದು ಬಿಡಿ.

ಹಂತ 5: ಆಹಾರ

ಚೋಬಾನ್ ತನ್ನ ನಾಯಿಗೆ ಕೊಡುವ ಊಟದ ಹೆಸರು ‘ಯಲ್’. ಬಾರ್ಲಿ ಹಿಟ್ಟಿಗೆ ಕುದಿನೀರು ಹೊಯ್ದು ಮುದ್ದೆಯಂತೆ ಕಲಸಿದ್ದು ಅದು; ಮನೆಯಲ್ಲಿದ್ದರೆ ಮಜ್ಜಿಗೆಯ ತಿಳಿಯೋ ಒಣ ರೊಟ್ಟಿಯೋ ಸೇರುತ್ತದೆ. ನಮ್ಮ ಕುರಿಗಾಹಿಗಳು ನಾಯಿಗೆ ಹಾಕುವ ಜೋಳದ ರೊಟ್ಟಿ, ಅಂಬಲಿಗಳನ್ನು ಕಂಡವರಿಗೆ ಇದು ಪರಿಚಿತವೆನಿಸುತ್ತದೆ. ಬಲಿತ ನಾಯಿ ಇಂಥ ಊಟದಲ್ಲಿ ಬದುಕುತ್ತದೆಯೆಂಬುದು ನಿಜವಾದರೂ ಬೆಳೆಯುವ ಮರಿಗೆ ಇದೊಂದೇ ಸಾಲದು. ಮೊಟ್ಟೆ, ಹಾಲು, ಬೇಯಿಸಿದ ಮಾಂಸ, ಇಲ್ಲವೇ ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರ ಬೇಕು. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ಹೊತ್ತು, ನಂತರ ಎರಡು ಹೊತ್ತು ಹಾಕಿ.

ಬೇಗ ದೊಡ್ಡದಾಗಲೆಂದು ಕ್ಯಾಲ್ಸಿಯಂ ಪುಡಿ ಸುರಿಯುವುದು ತಪ್ಪು. ದೊಡ್ಡ ತಳಿಯ ಮರಿಯಲ್ಲಿ ಅತಿಯಾದ ಕ್ಯಾಲ್ಸಿಯಂ ಮತ್ತು ಅತಿ ವೇಗದ ತೂಕ ಎಲುಬು, ಕೀಲುಗಳನ್ನು ಕೆಡಿಸುತ್ತವೆ. ಬೆರಳಾಡಿಸಿದರೆ ಪಕ್ಕೆಲುಬು ಕೈಗೆ ಸಿಗುವಷ್ಟು ತೆಳುವಾಗಿಯೇ ಬೆಳೆಯಲಿ. ಪೂರ್ಣ ಮೈ ತುಂಬಲು ಎರಡು ವರ್ಷ ಹಿಡಿಯುತ್ತದೆ. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಒಂದೇ ಸಲ ಬಹಳ ತಿನ್ನಿಸಿ ಕೂಡಲೇ ದೂರ ನಡೆಸಬೇಡಿ.

ಹಂತ 6: ಆರೋಗ್ಯ

ಡಿಸ್ಟೆಂಪರ್, ಪಾರ್ವೊ ಮೊದಲಾದ ವೈರಸ್ ರೋಗಗಳ ಲಸಿಕೆ ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ನಡೆಯಬೇಕು. ಮೂರು ತಿಂಗಳಾದಾಗ ರೇಬೀಸ್ ಲಸಿಕೆ. ಆಮೇಲೆ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಹಾಕಿಸಬೇಕು. ತೋಳ, ನರಿ, ಬೀದಿನಾಯಿಗಳಿಗೆ ಎದುರಾಗುವುದೇ ಕಸುಬಾದ ನಾಯಿಗೆ ಈ ಲಸಿಕೆ ಒಂದು ದಿನವೂ ತಡವಾಗಬಾರದು.

ಕುರಿ ಮತ್ತು ನಾಯಿ ಒಟ್ಟಿಗಿರುವ ಕಡೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೈಡಾಟಿಡ್ ರೋಗದ ವಿಷಯದಲ್ಲಿ. ಟರ್ಕಿಯ ಕುರಿನಾಡಿನಲ್ಲಿ ಇದು ಹಳೆಯ ಸಮಸ್ಯೆ, ಭಾರತದಲ್ಲಿಯೂ ಇದೆ. ಕುರಿ ಕೊಯ್ದಾಗ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿದ ಗುಳ್ಳೆಗಳು ಕಂಡುಬರುತ್ತವೆ. ‘ಇದು ನಮಗೆ ಬೇಡ’ ಎಂದು ಆ ತುಂಡನ್ನು ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯೊಳಗಿನ ಮರಿಹುಳುಗಳು ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುಗಳಾಗಿ ಬೆಳೆದು, ಆರೇಳು ವಾರಗಳಲ್ಲಿ ಮಲದೊಂದಿಗೆ ಮೊಟ್ಟೆ ಚೆಲ್ಲತೊಡಗುತ್ತವೆ. ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಮೊಟ್ಟೆಗಳು ಹುಲ್ಲಿನ ಮೂಲಕ ಮತ್ತೆ ಕುರಿಗೆ, ನಾಯಿಯ ಮೈ ಸವರಿದ ಕೈಯ ಮೂಲಕ ಮನುಷ್ಯರಿಗೆ ಸೇರಿ, ವರ್ಷಗಳ ನಂತರ ಯಕೃತ್ತಿನಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವಷ್ಟು ದೊಡ್ಡ ಗುಳ್ಳೆಗಳಾಗುತ್ತವೆ. ಈ ಸರಪಳಿಯನ್ನು ಕಡಿಯುವುದು ಸುಲಭ: ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಂದೂ ಹಾಕಬೇಡಿ, ಸತ್ತ ಕುರಿಯನ್ನು ಆಳವಾಗಿ ಹೂಳಿ ಅಥವಾ ಸುಟ್ಟುಬಿಡಿ, ಪಶುವೈದ್ಯರ ಸಲಹೆಯಂತೆ ಆರು ವಾರಕ್ಕೊಮ್ಮೆ ಲಾಡಿಹುಳುವನ್ನು ಕೊಲ್ಲುವ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಿ, ನಾಯಿಯನ್ನು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದೇ ಊಟಕ್ಕೆ ಕುಳಿತುಕೊಳ್ಳಿ. ಕುರಿಗೆ ತಂದ ಜಂತುನಾಶಕವನ್ನೇ ಅಂದಾಜಿನಲ್ಲಿ ನಾಯಿಗೂ ಕುಡಿಸುವ ಅಭ್ಯಾಸ ಅಪಾಯಕಾರಿ. ಔಷಧಿಯೂ ಪ್ರಮಾಣವೂ ಬೇರೆ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮೈ ಬೆಳೆದ ಮೇಲೆ, ಒಂದರಿಂದ ಒಂದೂವರೆ ವರ್ಷದ ನಂತರ ಮಾಡಿಸುವುದು ಈ ಗಾತ್ರದ ನಾಯಿಗೆ ಹಿತ. ಬೆದೆಯ ವಾಸನೆ ಹಿಡಿದು ಮಂದೆ ಬಿಟ್ಟು ಹೋಗುವ ಗಂಡು, ವರ್ಷದಲ್ಲಿ ಕೆಲವು ವಾರ ಮಂದೆಗೆ ಊರನಾಯಿಗಳನ್ನು ಸೆಳೆಯುವ ಹೆಣ್ಣು, ಎರಡೂ ಕಾವಲಿನಲ್ಲಿ ಕಿಂಡಿ ತೆರೆಯುತ್ತವೆ.

ಹಂತ 7: ಮುಳ್ಳಿನ ಕೊರಳಪಟ್ಟಿ

ಚಿತ್ರಗಳಲ್ಲಿ ಕಾಂಗಾಲ್ ನಾಯಿಯ ಕೊರಳಲ್ಲಿ ಕಾಣುವ ಚೂಪು ಮುಳ್ಳಿನ ಕಬ್ಬಿಣದ ಪಟ್ಟಿಗೆ ‘ತಸ್ಮಾ’ ಎನ್ನುತ್ತಾರೆ. ತೋಳ ಮೊದಲು ಕೊರಳಿಗೆ ಬಾಯಿ ಹಾಕುವುದರಿಂದ ಇದು ರಕ್ಷಾಕವಚ, ಅಲಂಕಾರವಲ್ಲ. ತೋಳಗಳ ಕಾಟವಿಲ್ಲದ ಕಡೆ ಇದು ಬೇಡವೇ ಬೇಡ. ಇಕ್ಕಟ್ಟಿನ ದೊಡ್ಡಿಯಲ್ಲಿ ಕುರಿಯ ಕಣ್ಣಿಗೆ, ಇತರ ನಾಯಿಗಳಿಗೆ, ನಿಮ್ಮ ಕೈಗೆ ಅದು ಚುಚ್ಚುತ್ತದೆ. ತೊಡಿಸುವುದಾದರೆ ಬಲಿತ ನಾಯಿಗೆ ಮಾತ್ರ, ಮೇವುನೆಲದಲ್ಲಿ ಮಾತ್ರ, ಎರಡು ಬೆರಳು ತೂರುವಷ್ಟು ಸಡಿಲವಾಗಿ. ದಿನಕ್ಕೊಮ್ಮೆ ತೆಗೆದು ಕೊರಳ ಚರ್ಮ ಸವೆದಿದೆಯೇ ನೋಡಿ. ಕಿವಿ ಕತ್ತರಿಸುವ ಹಳೆಯ ರೂಢಿಯನ್ನು ಟರ್ಕಿಯಲ್ಲೇ 2004ರ ಪ್ರಾಣಿಸಂರಕ್ಷಣಾ ಕಾನೂನು ನಿಷೇಧಿಸಿದೆ, ಅದನ್ನು ಬೇರೆಲ್ಲಿಯೂ ಮುಂದುವರಿಸಲು ಕಾರಣವಿಲ್ಲ.

ಹಂತ 8: ರಾತ್ರಿಯ ಕಾವಲಿಗೆ ಬಿಡುವುದು

ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ನಾಯಿಯ ನಡೆ ಬದಲಾಗುವುದನ್ನು ನೀವೇ ಗುರುತಿಸುತ್ತೀರಿ. ಹಗಲಿನಲ್ಲಿ ದಿಣ್ಣೆಯ ಮೇಲೆ ಮಲಗಿ ತೂಕಡಿಸುತ್ತಿದ್ದದ್ದು ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಎದ್ದು, ಮೈ ಚಾಚಿ, ಮಂದೆಯ ಸುತ್ತ ಗಡಿಯನ್ನು ಮೂಸುತ್ತ, ಗುರುತು ಬಿಡುತ್ತ ಒಂದು ಸುತ್ತು ಬರುತ್ತದೆ. ಅಲ್ಲಿಂದ ಅದರ ದಿನ ಆರಂಭ. ಅನುಮಾನದ ಸದ್ದಿಗೆ ಮೊದಲು ಆಗೊಮ್ಮೆ ಈಗೊಮ್ಮೆ ದಪ್ಪ ದನಿಯ ಬೊಗಳು. ಹತ್ತಿರ ಬಂದರೆ ಮಂದೆಗೂ ಅಪಾಯಕ್ಕೂ ನಡುವೆ ನಿಂತು, ಬಾಲ ಏರಿಸಿ, ಬಿಡದ ಬೊಗಳು. ಇನ್ನೂ ಸರಿಯದಿದ್ದರೆ ಮುನ್ನುಗ್ಗಿ ಹಿಂತಿರುಗುವುದು. ಬಹುತೇಕ ಪ್ರಸಂಗಗಳು ಇಷ್ಟರಲ್ಲೇ ಮುಗಿಯುತ್ತವೆ. ತೋಳಕ್ಕೂ ಗಾಯ ಬೇಡ. ಸುಲಭದ ಊಟ ಇಲ್ಲಿಲ್ಲವೆಂದು ಗೊತ್ತಾದರೆ ಅದು ಹೊರಟುಹೋಗುತ್ತದೆ. ನಮೀಬಿಯಾದಲ್ಲಿ ಲಾರೀ ಮಾರ್ಕರ್ ಅವರ ಚೀತಾ ಕನ್ಸರ್ವೇಶನ್ ಫಂಡ್ 1994ರಿಂದ ಅನಾಟೋಲಿಯಾದ ನಾಯಿಗಳನ್ನು ರೈತರಿಗೆ ಕೊಡುತ್ತಿರುವುದು ಇದೇ ಕಾರಣಕ್ಕೆ. ನಾಯಿ ಪಡೆದ ರೈತರ ಜಾನುವಾರು ನಷ್ಟ ಶೇ. 80ಕ್ಕಿಂತ ಹೆಚ್ಚು ಇಳಿದಿದೆಯೆಂದು ಆ ಸಂಸ್ಥೆ ಹೇಳುತ್ತದೆ. ನಷ್ಟ ಇಳಿದಂತೆ ಚೀತಾವನ್ನು ಕಂಡಲ್ಲಿ ಕೊಲ್ಲುವ ಒತ್ತಡವೂ ಇಳಿಯುತ್ತದೆ. ಕುರಿಯನ್ನೂ ಅದನ್ನು ಬೇಟೆಯಾಡುವ ಪ್ರಾಣಿಯನ್ನೂ ಒಟ್ಟಿಗೆ ಉಳಿಸುವ ಇಂಥ ಉಪಾಯ ನನಗೆ ಬೇರೊಂದು ತಿಳಿಯದು.

ಒಂಟಿ ನಾಯಿಯ ಮೇಲೆ ಎಲ್ಲ ಭಾರ ಹಾಕಬೇಡಿ. ತೋಳಗಳು ಗುಂಪಾಗಿ ಬರುವ ಕಡೆ ಒಂದು ನಾಯಿ ಒಂದು ತೋಳವನ್ನು ಅಟ್ಟಿಕೊಂಡು ಹೋದಾಗ ಮತ್ತೊಂದು ಬದಿಯಿಂದ ಮಂದೆ ಬಯಲಾಗುತ್ತದೆ. ಎರಡು ಮೂರು ನಾಯಿಗಳಿದ್ದರೆ ಒಂದು ಮುನ್ನುಗ್ಗುತ್ತದೆ, ಒಂದು ಕುರಿಗಳ ಬಳಿ ನಿಲ್ಲುತ್ತದೆ. ಮೇವುನೆಲದ ಹಾದಿಯಲ್ಲಿ ಜನ ಓಡಾಡುವುದಿದ್ದರೆ ಕಾವಲು ನಾಯಿಗಳಿವೆ ಎಂಬ ಫಲಕ ಹಾಕಿ. ನಾಯಿ ಎದುರು ಬಂದರೆ ಓಡದೆ, ಕಲ್ಲೆತ್ತದೆ, ಮಂದೆಯನ್ನು ಸೀಳಿಕೊಂಡು ಹೋಗದೆ, ನಿಧಾನವಾಗಿ ಬಳಸಿ ನಡೆಯುವಂತೆ ನೆರೆಯವರಿಗೆ ತಿಳಿಸಿ.

ಬೆಳಿಗ್ಗೆ ದೊಡ್ಡಿ ತೆರೆದ ಕೂಡಲೇ ಕುರಿ ಎಣಿಸುವುದರ ಜೊತೆಗೆ ನಾಯಿಯ ಪಾದದ ಅಡಿ, ಕಿವಿ, ಕೊರಳುಗಳನ್ನು ಒಮ್ಮೆ ಕೈಯಾಡಿಸಿ ನೋಡಿ. ದಟ್ಟ ಕೂದಲಿನಡಿಯಲ್ಲಿ ಹಲ್ಲಿನ ಗಾಯ ಹೊರಗೆ ಕಾಣದೆ ಕೀವಾಗುತ್ತದೆ. ಇರುಳು ಕಳೆದ ನಾಯಿಗೆ ಹಗಲು ನೆರಳು ಮತ್ತು ನಿದ್ರೆ ಬೇಕು, ಮಲಗಿದೆಯೆಂದು ಎಬ್ಬಿಸಬೇಡಿ. ಮತ್ತು ಅದಕ್ಕೆ ಐದಾರು ವರ್ಷ ತುಂಬುವಷ್ಟರಲ್ಲಿ, ಅದರ ಕಾಲು ಗಟ್ಟಿಯಿರುವಾಗಲೇ, ಮುಂದಿನ ಮರಿಯನ್ನು ದೊಡ್ಡಿಯ ಆ ಮೂಲೆಗೆ ತನ್ನಿ. ಹಂತ 4ರಲ್ಲಿ ನೀವು ಹಗ್ಗ ಹಿಡಿದು ನಡೆದ ದಾರಿಯಲ್ಲಿ ಈ ಸಲ ಹಿರಿಯ ನಾಯಿಯೇ ಅದನ್ನು ನಡೆಸುತ್ತದೆ.